ಕಾಲಡಿಗೆ ನೀರು ಬರುವ ಹೋಟೆಲು

ಹಗರಿಬೊಮ್ಮನಹಳ್ಳಿ
೨೧ ಮೇ ೨೦೨೫

ನನ್ನ ಅವ್ವನಿಗೆ ಶಾಂಭವಿಯ ಶರಣು.

ಫೋನಿನಲ್ಲಿ ಹೇಳಿದ್ದು ನಿನಗೆ ಅರ್ಧ ಕೇಳಿಸುವುದಿಲ್ಲ. ಉಳಿದರ್ಧವನ್ನು ತಮ್ಮ ಪ್ರವೀಣನ ಹೆಂಡತಿ ನಿನ್ನ ಕಿವಿಯ ಹತ್ತಿರ ಕೂಗಿ ಹೇಳುವಷ್ಟರಲ್ಲಿ ಕೊಟ್ಟೂರಿನ ನಮ್ಮ ಓಣಿಗೆಲ್ಲ ಗೊತ್ತಾಗಿರುತ್ತದೆ. ಅದಕ್ಕೇ ಈ ಕಾಗದ. ಕನ್ನಡಕ ಹಾಕಿಕೊಂಡು, ಬಾಗಿಲ ಬೆಳಕಿಗೆ ಕೂತು, ನೀನೊಬ್ಬಳೇ ಓದು.

ಗೋವಾದಿಂದ ಸುಖವಾಗಿ ಬಂದೆವು. ನೀನು ಕಟ್ಟಿಕೊಟ್ಟ ಕಡಕ್ ರೊಟ್ಟಿ ಹೊಸಪೇಟೆಯಲ್ಲಿ ರೈಲು ಹತ್ತಿದಾಗಿನಿಂದ ನಮ್ಮ ಕೈ ಬಿಡಲಿಲ್ಲ. ಗುರೆಳ್ಳು ಪುಡಿಯ ಡಬ್ಬಿಯನ್ನು ಇವರು ಕೊನೆಗೆ ಬೆರಳಿನಿಂದ ಸವರಿ ಖಾಲಿ ಮಾಡಿದರು.

ಸಮುದ್ರ ಹೇಗಿತ್ತು ಅಂತ ಕೇಳಿದ್ದೆಯಲ್ಲ. ಹಂಪಸಾಗರದ ಹತ್ತಿರ ತುಂಗಭದ್ರೆ ತುಂಬಿ ನಿಂತು ಆಚೆ ದಡ ಕಾಣದೇ ಹೋದಾಗ, ಸಮುದ್ರ ಅಂದರೆ ಇಷ್ಟೇ ಇರಬೇಕು ಅಂದುಕೊಂಡಿದ್ದೆವು. ಅಲ್ಲ ಅವ್ವ. ಹೊಳೆ ತನ್ನ ಪಾಡಿಗೆ ತಾನು ಹೋಗುತ್ತದೆ. ಸಮುದ್ರ ನಮ್ಮ ಕಡೆಗೇ ಬರುತ್ತದೆ. ಎಷ್ಟು ಸಲ ಹಿಂದೆ ಹೋದರೂ ಮತ್ತೆ ಬರುತ್ತದೆ. ಮೊದಲ ದಿನ ನಾನು ಹೆದರಿ ಸೀರೆ ಎತ್ತಿ ಹಿಡಿದುಕೊಂಡೇ ನಿಂತಿದ್ದೆ.

ಈಗ ನೀನು ಪ್ರತಿ ಸಲ ಕೇಳುವ ಮಾತಿಗೆ ಬರುತ್ತೇನೆ. ಹುಡುಗಿ ಹೊಂದಿಕೊಂಡಳೇನು ಎಂದು ನೀನು ಕೇಳುತ್ತೀಯ, ನಾನು ಹೂಂ ಎನ್ನುತ್ತೇನೆ. ಭೂಮಿಕಾಗೆ ಈಗ ಹದಿನಾಲ್ಕು. ಹೆತ್ತ ತಾಯಿ ಭಾಗ್ಯ ತೀರಿಕೊಂಡು ಮೂರು ವರ್ಷವಾದ ಮೇಲೆ ಅವಳ ಮನೆಗೆ ಬಂದವಳು ನಾನು. ಜಗಳವಿಲ್ಲ, ಎದುರು ಮಾತಿಲ್ಲ. ಚಿಗವ್ವ ಊಟಕ್ಕ ಬರ್ರಿ, ಚಿಗವ್ವ ಗ್ಯಾಸ್ ಬಂದೈತಿ ನೋಡ್ರಿ, ಅಷ್ಟೇ. ಮನೆಗೆ ಬಂದ ನೆಂಟರ ಜೊತೆ ಮಾತಾಡಿದ ಹಾಗೆ. ಇವರು ತಮ್ಮ ಪೈಪು, ಮೋಟರಿನ ಅಂಗಡಿಯಿಂದ ಬಂದ ಮೇಲೆ ಮೂವರೂ ಟಿವಿ ನೋಡುತ್ತೇವೆ. ಭಾಗ್ಯಳ ಹೆಸರನ್ನು ಆ ಮನೆಯಲ್ಲಿ ಯಾರೂ ಎತ್ತುವುದಿಲ್ಲ. ನನಗೆ ನೋವಾದೀತು ಎಂದು ಇವರು ಎತ್ತುವುದಿಲ್ಲ. ಇವರು ಎತ್ತುವುದಿಲ್ಲವೆಂದು ಹುಡುಗಿಯೂ ಎತ್ತುವುದಿಲ್ಲ. ಕೇಳುವುದಕ್ಕೆ ನಾನು ಯಾರು ಎಂದು ನಾನೂ ಸುಮ್ಮನಿದ್ದೆ.

ರೈಲಿನಲ್ಲಿ ಇವರು ಮಗಳಿಗೆ ಒಂದು ಅಧಿಕಾರ ಕೊಟ್ಟರು. "ಎಲ್ಲಿ ಉಣ್ಣೂದು, ಎಲ್ಲಿ ಕುಂದ್ರೂದು, ಎಲ್ಲಾ ನೀನ ಆರಸ್ಬೇಕು ನೋಡವ್ವ. ನಾವು ಹಿಂದ ಬರೋರು." ಅವಳ ಮುಖ ಬೆಳಗಿತು. ಮಡಗಾಂವ್ ಬರುವವರೆಗೂ ಫೋನಿನಲ್ಲಿ ಸಮುದ್ರದಂಡೆಯ ಹೋಟೆಲುಗಳನ್ನೇ ನೋಡುತ್ತಿದ್ದಳು.

ನಾವು ಇಳಿದುಕೊಂಡ ಊರಿನ ದಂಡೆಯ ಉದ್ದಕ್ಕೂ ಮರಳಿನ ಮೇಲೆ ಚಪ್ಪರದ ಹೋಟೆಲುಗಳು. ಬಿದಿರು, ತೆಂಗಿನ ಗರಿ, ಬಣ್ಣದ ಕುರ್ಚಿ. ಮೊದಲ ಸಂಜೆ ಒಂದಕ್ಕೆ ಕರೆದುಕೊಂಡು ಹೋದಳು. ಕೂತೆವು. ಇವರು ಎಂದಿನಂತೆ, ವೆಜ್ ಬೇರೆ ಪಾತ್ರೆಯಲ್ಲಿ ಮಾಡುತ್ತೀರೇನು ಎಂದು ತಮ್ಮ ಹಿಂದಿಯಲ್ಲಿ ವಿಚಾರಣೆ ಶುರುಮಾಡಿದರು. ಅಷ್ಟರಲ್ಲಿ ಭೂಮಿಕಾ ಬಗ್ಗಿ ಟೇಬಲ್ಲಿನ ಕೆಳಗೆ ನೋಡಿದಳು, ಮೇಲೆ ಮರ ನೋಡಿದಳು, ಸಮುದ್ರ ಎಷ್ಟು ದೂರವಿದೆ ಎಂದು ನೋಡಿದಳು. "ಇದಲ್ಲ, ಏಳ್ರಿ" ಎಂದಳು. ಪಕ್ಕದ್ದಕ್ಕೆ ಹೋದೆವು. ಅಲ್ಲೂ ಹಾಗೇ. ಅದರ ಪಕ್ಕದ್ದು, ಮತ್ತೆ ಅದರಾಚೆಯದು. ಎಲ್ಲ ಕಡೆ ಮೀನು ಕರಿಯುವ ವಾಸನೆ. ನಾನು ಸೆರಗಿನಿಂದ ಮೂಗು ಮುಚ್ಚಿಕೊಂಡೆ. ನಿನ್ನ ಹತ್ತಿರ ಏನು ಮುಚ್ಚಿಡಲಿ, ನನ್ನನ್ನು ಹೀಗೆ ಅಲೆಸಲೆಂದೇ ಅವಳು ಇದನ್ನೆಲ್ಲ ಮಾಡುತ್ತಿದ್ದಾಳೆ ಎಂದುಕೊಂಡೆ. ಕೊನೆಗೆ ರೂಮಿಗೆ ಬಂದು ರೊಟ್ಟಿ ತಿಂದೆವು.

ಮರುದಿನ ಅವಳು ಆರಿಸಿದ್ದು ಬೀಚ್ ಕ್ಲಬ್ಬು. ಆಟೋದಲ್ಲಿ ಬಹಳ ದೂರ. ಅದನ್ನು ನೀನು ನೋಡಬೇಕಿತ್ತು. ಬಿಳಿ ಪರದೆ ಕಟ್ಟಿದ ಮಂಚಗಳು, ಹಗಲಲ್ಲೇ ಎದೆ ನಡುಗುವ ಹಾಡು. ಎದುರಿಗೇ ಅಷ್ಟು ದೊಡ್ಡ ಸಮುದ್ರ ಬಿದ್ದಿದೆ, ಜನ ಮಾತ್ರ ಈಜುಕೊಳದಲ್ಲಿ ಇಳಿದು ಕೂತಿದ್ದಾರೆ! ನಮ್ಮನ್ನು ಬೀನ್ ಬ್ಯಾಗಿನ ಮೇಲೆ ಕೂರಿಸಿದರು. ಕಾಲಿಲ್ಲ, ಬೆನ್ನಿಲ್ಲ, ಹತ್ತಿ ತುಂಬಿದ ಅಂಡಿಗೆ ಚೀಲದಂಥ ಕುರ್ಚಿ ಅದು. ಇವರು ಕೂತಿದ್ದೇ ತಡ, ಒಳಗೆ ಹೂತುಹೋದರು. ಏಳಲು ನೋಡಿದಷ್ಟೂ ಇನ್ನಷ್ಟು ಒಳಗೆ. "ಏ, ಹಿಡೀರಿ ನನ್ನ!" ಎಂದು ಕೂಗಿದ್ದಕ್ಕೆ ಇಬ್ಬರು ವೇಟರುಗಳು ಬಂದು ಒಂದೊಂದು ಕೈ ಹಿಡಿದು ಎಳೆದರು. ಭೂಮಿಕಾ ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ನಾನೂ ನಕ್ಕೆ. ನಾವಿಬ್ಬರೂ ಒಟ್ಟಿಗೆ ನಕ್ಕಿದ್ದು ಅದೇ ಮೊದಲು ಅನ್ನಿಸಿತು.

ಆದರೆ ನಗು ಮುಗಿದದ್ದೇ ಅವಳು ಎದ್ದು ಕ್ಲಬ್ಬಿನ ಕೊನೆಯ ತನಕ ನಡೆದುಹೋಗಿ ಬಂದಳು. "ಇದೂ ಅಲ್ಲ, ಅಪ್ಪ" ಎಂದಳು. ಇವರಿಗೆ ಸಿಟ್ಟು ಬಂತು. "ಯಾವುದಲ್ಲ? ಏನಲ್ಲ? ಅಧಿಕಾರ ಕೊಟ್ಟೀನಿ ಅಂತ ಹಿಂಗ ಕುಣಸ್ತಿಯೇನು?" ಎಂದು ನಾಲ್ಕು ಜನರ ಎದುರು ಗದರಿದರು. ಅವಳು ಸರ್ರನೆ ಹೊರಗೆ ನಡೆದಳು. ಆಟೋದಲ್ಲಿ ಮುಖ ಹೊರಗೆ ತಿರುಗಿಸಿ ಕೂತಿದ್ದಳು. ಆ ಹುಡುಗಿಯ ಕತ್ತು ನೋಡುತ್ತಾ ನನಗೆ ಅನ್ನಿಸಿತು, ಇದು ನನ್ನ ಮೇಲಿನ ಹಟವಲ್ಲ, ಇವಳು ಏನನ್ನೋ ಹುಡುಕುತ್ತಿದ್ದಾಳೆ.

ಬೆಳಿಗ್ಗೆ ಇವರು ಪೂಜೆಗೆ ಕೂತಾಗ ನೋಡಿದರೆ ಅವಳು ರೂಮಿನಲ್ಲಿರಲಿಲ್ಲ. ದಂಡೆಗೆ ಓಡಿದೆ. ಮುಚ್ಚಿದ್ದ ಹೋಟೆಲುಗಳ ಮುಂದೆ ಒಬ್ಬಳೇ, ಪ್ರತಿಯೊಂದರ ಹತ್ತಿರ ನಿಂತು ನೋಡಿ, ಮುಂದೆ ಹೋಗುತ್ತಿದ್ದಳು. ನಾನು ಬೈಯಲಿಲ್ಲ. ಪಕ್ಕದಲ್ಲಿ ನಡೆಯುತ್ತಾ, "ಏನು ಹುಡುಕಾಕ ಹತ್ತೀಯವ್ವ? ನನಗೂ ಹೇಳಿದ್ರ ನಾಕು ಕಣ್ಣಾಗ್ತಾವು" ಎಂದೆ.

ಮುಂದಿನ ಹೋಟೆಲನ್ನೂ ನೋಡಿ ಮುಗಿಸಿದಳು. ಆಮೇಲೆ ಹೇಳಿದಳು.

ಭಾಗ್ಯಳ ಎರಡೂ ಕಿಡ್ನಿ ಹೋಗಿದ್ದವು, ನಿನಗೆ ಗೊತ್ತು. ಡಯಾಲಿಸಿಸ್ ಮಾಡಿಸಿಕೊಂಡು ಬಂದು ಮಲಗಿದಾಗ, ಮಗಳನ್ನು ಪಕ್ಕದಲ್ಲಿ ಹಾಕಿಕೊಂಡು ಫೋನಿನಲ್ಲಿ ಸಮುದ್ರದ ಹೋಟೆಲುಗಳ ವಿಡಿಯೊ ನೋಡುತ್ತಿದ್ದಳಂತೆ. ಅದರಲ್ಲಿ ಒಂದನ್ನು ಆರಿಸಿದ್ದಳು. ಬಾಗಿದ ಮರದ ಕೆಳಗೆ ಟೇಬಲ್ಲು, ಕೂತವರ ಕಾಲಡಿಗೇ ಅಲೆ ಬರುತ್ತದೆ. ಗೋವಾ ಎಂಬುದು ಬಿಟ್ಟರೆ ಹೆಸರು ನೆನಪಿಲ್ಲ. ಆ ಫೋನೂ ಕೆಟ್ಟುಹೋಯಿತು.

"ಅಲ್ಲಿ ಕುಂತು ಎರಡು ಎಳನೀರು ಕುಡೀಬೇಕು ಅಂತಿದ್ಲು ಅವ್ವ. ಅಕಿಗೆ ಎಳನೀರು ಕುಡ್ಯಂಗಿದ್ದಿಲ್ಲ. ನೀರೂ ಅಷ್ಟ, ಅಳದು ಕೊಡೋರು. ಅಪ್ಪ ಅಂಗಡಿಗೆ ಹೋಗ್ತಾ, ಅವ್ವ ನೀರು ಕೇಳಿದ್ರ ಕೊಡಬ್ಯಾಡ ಅಂತ ನನಗ ಹೇಳಿ ಹೋಗ್ತಿದ್ದ. ಅಕಿ ಕೇಳ್ತಿದ್ಲು. ನಾ ಕೊಡ್ತಿದ್ದಿಲ್ಲ."

ಅವ್ವ, ಆಗ ಆ ಮಗುವಿಗೆ ಹತ್ತು ವರ್ಷ. ಆ ಮಾತನ್ನು ಇಷ್ಟು ದಿನ ಎಲ್ಲಿಟ್ಟುಕೊಂಡಿದ್ದಳೋ. ನನಗೆ ದೊಡ್ಡ ಮಾತು ತಿಳಿಯುವುದಿಲ್ಲ. ಅವಳ ಕೈ ಹಿಡಿದು, "ನೀ ಕೊಡಲಿಲ್ಲ ಅಂತನ ನಿಮ್ಮವ್ವ ನಿನ್ನ ಜೋಡಿ ಇನ್ನಷ್ಟು ದಿನ ಉಳಿದ್ಲು. ಅಕಿಗೂ ಅದು ಗೊತ್ತಿತ್ತು" ಎಂದೆ. ಅವಳು ಮರಳಿನಲ್ಲಿ ಕುಸಿದು ಕೂತು ಅತ್ತಳು. ನಾನೂ ಪಕ್ಕದಲ್ಲಿ ಕೂತೆ. ಸೀರೆ ಒದ್ದೆಯಾಯಿತು, ಎತ್ತಿ ಹಿಡಿಯುವುದು ನೆನಪಾಗಲಿಲ್ಲ.

ಹತ್ತಿರದ ಹೋಟೆಲಿನ ಮುಂದೆ ಮರಳು ಗುಡಿಸುತ್ತಿದ್ದ ಒಬ್ಬರು ನಮ್ಮ ಮಾತು ಕೇಳಿಸಿಕೊಂಡು ಬಂದರು. ನಮ್ಮ ಕಡೆಯ ಹಲವಾಗಲು ಊರಿನವರಂತೆ, ಹೆಸರು ಯರ್ರಿಸ್ವಾಮಿ. ಬೇಸಿಗೆಯಲ್ಲಿ ಇಲ್ಲಿ ಕೆಲಸ, ಮಳೆ ಬಿದ್ದ ಮೇಲೆ ಊರಿನಲ್ಲಿ ಗದ್ದೆ. "ಯಾವೂರ್ರಿ ನಿಮ್ದು? ಯಾಕವ್ವ ಮಗು ಅಳ್ತೈತೆ?" ಎಂದು ಕೇಳಿದರು. ಬಾಗಿದ ಮರದ ಹೋಟೆಲು ಎಲ್ಲಿ ಬರುತ್ತದೆ ಎಂದು ವಿಚಾರಿಸಿದೆ. ಅವರು ಪೊರಕೆ ಊರಿ ನಿಂತು ಯೋಚಿಸಿದರು.

"ಅಂಥವು ಬೇಕಾದಷ್ಟು ಇದ್ವು ಕಣಮ್ಮ. ಆದ್ರೆ ಇವ್ಯಾವೂ ಇದ್ದಂಗೇ ಇರಾವಲ್ಲ. ಮಳೆಗಾಲ ಬಂತಂದ್ರೆ ಎಲ್ಲಾ ಬಿಚ್ಚಿ ಗಂಟು ಕಟ್ಟಿ ಇಡ್ತಾರೆ. ದಸರಾ ಆದ್ಮೇಲೆ ಮತ್ತೆ ಹೊಸದಾಗಿ ಕಟ್ಟಾದು. ಹೋದ ವರ್ಷದ್ದು ಈ ವರ್ಷ ಇರಲ್ಲ. ಮರಾನೂ ಬೀಳ್ತಾವೆ, ದಂಡೀನೂ ಸರಿತೈತೆ."

ಹುಡುಗಿ ಇನ್ನೂ ಅಳುತ್ತಾಳೆ ಎಂದು ನನಗೆ ಭಯವಾಯಿತು. ಆದರೆ ಅವಳು ಕಣ್ಣು ಒರೆಸಿಕೊಂಡು ಅಲೆ ನೋಡಿದಳು. ಆಮೇಲೆ, "ಹಂಗಾದ್ರ ಅವ್ವ ಬಂದಿದ್ರೂ ಅದು ಸಿಗ್ತಿದ್ದಿಲ್ಲ. ಬ್ಯಾರೇದು ಆರಸ್ತಿದ್ಲು" ಎಂದಳು. ನನ್ನ ಕಡೆ ತಿರುಗಿ, "ಚಿಗವ್ವ, ಏಳು. ನಾವ ಆರಸೋಣು" ಎಂದಳು. ಮೊದಲ ಸಲ ನನಗೆ ರೀ ಹಚ್ಚದೆ ಮಾತಾಡಿದಳು. ನಾನು ಎದ್ದೆ.

ಇಡೀ ಬೆಳಿಗ್ಗೆ ಇಬ್ಬರೂ ತಿರುಗಿದೆವು. ನೀರು ಕಾಲಿಗೆ ತಾಗಲೇಬೇಕೆಂಬುದು ಅವಳ ಹಟ. ಒಬ್ಬರ ಮಾತು ಒಬ್ಬರಿಗೆ ಕೇಳಿಸುವಂತಿರಬೇಕು, ಆ ಹಾಡಿನ ಗದ್ದಲ ಬೇಡ ಎಂದು ನನ್ನದು. ಇವರ ಪರವಾಗಿ ಪಾತ್ರೆಯ ವಿಚಾರಣೆಯನ್ನೂ ನಾವೇ ಮಾಡಿದೆವು. ಒಂದು ಕಡೆ ಕುರ್ಚಿ ಚೆನ್ನಾಗಿದ್ದವು, ನೀರು ದೂರ. ಇನ್ನೊಂದು ಕಡೆ ನೀರು ಹತ್ತಿರ, ನಾಯಿಗಳ ಹಿಂಡು. ಕೊನೆಗೆ, ಸಣ್ಣದೊಂದು ಹಳ್ಳ ಸಮುದ್ರ ಸೇರುವಲ್ಲಿ, ವಯಸ್ಸಾದ ಗಂಡ ಹೆಂಡತಿ ನಡೆಸುವ ಹೋಟೆಲು ಸಿಕ್ಕಿತು. ಮರ ಬಾಗಿರಲಿಲ್ಲ, ನೆಟ್ಟಗೇ ಇತ್ತು. ಸಂಜೆ ಸಮುದ್ರ ಉಕ್ಕಿ ಭರತ ಬಂದಾಗ ನೀರು ಟೇಬಲ್ಲಿನ ಕೆಳಗೇ ಬರುತ್ತದೆ, ಚಪ್ಪಲಿ ಕೈಯಲ್ಲಿ ಹಿಡಿದು ಕೂತುಕೊಳ್ಳಿ ಎಂದು ಆ ಯಜಮಾನಿ ಹೇಳಿದಳು. ಭೂಮಿಕಾ ನನ್ನ ಮುಖ ನೋಡಿದಳು. "ಇದ" ಎಂದಳು. ನಾನೂ "ಇದ" ಎಂದೆ.

ಸಂಜೆ ಮೂವರೂ ಕೂತೆವು. ಅನ್ನ, ದಾಲು, ಆಲೂಗಡ್ಡೆ ಪಲ್ಯ. ಊಟದ ಮೊದಲು ಎಳನೀರು ಬಂದವು. ಇವರು ಆ ಕಾಯಿಗಳನ್ನು ನೋಡಿದವರೇ ಮಾತು ನಿಲ್ಲಿಸಿದರು. ಇನ್ನು ನಾನೇ ಎತ್ತಬೇಕು ಎನ್ನಿಸಿ, "ರೀ, ಭಾಗ್ಯ ಅವರು ಸಮುದ್ರದ ಮುಂದ ಕುಂತು ಎಳನೀರು ಕುಡೀಬೇಕು ಅಂತಿದ್ರಂತ. ನಿಮಗ ಗೊತ್ತಿತ್ತೇನು?" ಎಂದು ಕೇಳಿದೆ.

ಎಳನೀರಿನ ಕಾಯಿ ತಿರುಗಿಸುತ್ತಾ ಹೇಳಿದರು: "ಗೊತ್ತಿತ್ತು. ಅದಕ್ಕ ಮೊದಲು ಅಂದಿದ್ದ ಊಟಿ ಬಿಟ್ಟು ಇಲ್ಲಿಗೆ ಕರ್ಕೊಂಡು ಬಂದೆ. ನಿಮ್ಮಿಬ್ಬರ ಮುಂದ ಹೇಳಾಕ ಬಾಯಿ ಬರಲಿಲ್ಲ."

ಭೂಮಿಕಾ ಅಪ್ಪನನ್ನೇ ನೋಡುತ್ತಿದ್ದಳು. ನನಗೆ ಸಿಟ್ಟು ಬರಬೇಕಿತ್ತೇನೋ. ಬರಲಿಲ್ಲ. ಒಂದು ಬಾಗಿಲು ತೆಗೆದು ಗಾಳಿ ಬಂದ ಹಾಗಾಯಿತು. "ಅವರು ಹೆಂಗಿದ್ರು, ಹೇಳ್ರಿ. ನಾನೂ ಕೇಳ್ತೀನಿ" ಎಂದೆ. ಇವರು ಮೊದಲು ತಡವರಿಸಿದರು. ಆಮೇಲೆ, ಮದುವೆಯಾದ ಹೊಸತರಲ್ಲಿ ಭಾಗ್ಯ ಟಿವಿಎಸ್ ಕಲಿಯುತ್ತೇನೆಂದು ಹೋಗಿ, ಸಂತೆಯಲ್ಲಿ ಈರುಳ್ಳಿ ರಾಶಿಯ ಮೇಲೆ ಗಾಡಿ ಹತ್ತಿಸಿದ್ದು, ಈರುಳ್ಳಿಯವಳು ಬೈದರೆ ಇವಳೇ ತಿರುಗಿ, ದಾರಿಯಲ್ಲಿ ಯಾಕೆ ಹಾಕಿಕೊಂಡಿದ್ದೀ ಎಂದು ಜಗಳ ತೆಗೆದದ್ದು, ಎಲ್ಲ ಹೇಳಿದರು. ಮಗಳು ಅದನ್ನು ಕೇಳಿಯೇ ಇರಲಿಲ್ಲ. "ಆಮ್ಯಾಲೆ? ಆಮ್ಯಾಲೇನಾತು ಅಪ್ಪ?" ಎಂದು ಜಗ್ಗಿ ಜಗ್ಗಿ ಕೇಳಿದಳು. ಅಷ್ಟರಲ್ಲಿ ನೀರು ಬಂತು. ತಣ್ಣಗೆ ನಮ್ಮೆಲ್ಲರ ಕಾಲು ಮುಟ್ಟಿ ಹೋಯಿತು, ಹೋಗುವಾಗ ಇವರ ಒಂದು ಚಪ್ಪಲಿ ಒಯ್ದಿತು. ಈರುಳ್ಳಿಯ ಕಥೆ ಅರ್ಧಕ್ಕೆ ಬಿಟ್ಟು ಇವರು ಅದರ ಹಿಂದೆ ಓಡಿದರು.

ಭೂಮಿಕಾ ಒಂದು ಎಳನೀರು ಪೂರ್ತಿ ಕುಡಿದಳು. ಎರಡನೆಯದು ಅರ್ಧಕ್ಕೇ ಸಾಕಾಗಿ ನನ್ನ ಕಡೆ ಸರಿಸಿದಳು. ಉಳಿದದ್ದು ನಾನು ಕುಡಿದೆ. ಅಷ್ಟು ಸಿಹಿ ಎಳನೀರು ನಾನು ಕುಡಿದೇ ಇರಲಿಲ್ಲ ಅವ್ವ.

ಊರಿಗೆ ಬಂದ ಮೇಲೆ ಭಾಗ್ಯಳ ಫೋಟೊ ಎಲ್ಲಿದೆ ಎಂದು ಕೇಳಿದೆ. ನಾನು ಬರುವ ಮುಂಚೆ ತೆಗೆದು ಒಳಗಿಟ್ಟಿದ್ದರಂತೆ. ನಿನ್ನೆ ಇಬ್ಬರೂ ಸೇರಿ ಒರೆಸಿ ನಡುಮನೆಯಲ್ಲಿ ಹಾಕಿದೆವು. ಅವಳು ಸ್ಟೂಲು ಹಿಡಿದಿದ್ದಳು, ಮೊಳೆ ಹೊಡೆದವಳು ನಾನು. ಸ್ವಲ್ಪ ಓರೆಯಾಗಿದೆ. ಇರಲಿ ಬಿಡು ಎಂದಳು.

ಈಗ ಅವಳು ಒಳಗಿನಿಂದ ಕೂಗುತ್ತಿದ್ದಾಳೆ, ಚಹಾಕ್ಕೆ ಇಟ್ಟಿದ್ದಾಳಂತೆ, ಸಕ್ಕರೆ ಡಬ್ಬಿ ಸಿಗುತ್ತಿಲ್ಲವಂತೆ. ಹೋಗುತ್ತೇನೆ. ಬಿಸಿಲಲ್ಲಿ ತಿರುಗಬೇಡ, ಮಾತ್ರೆ ಮರೆಯಬೇಡ.

ನಿನ್ನ ಮಗಳು,
ಶಾಂಭವಿ

ತಾ.ಕ.: ಯುಗಾದಿಗೆ ಬಂದಾಗ ನಿನ್ನ ಮಂಚದ ಕೆಳಗೆ ನನ್ನ ದೊಡ್ಡ ಸೂಟ್‌ಕೇಸು ಬಿಟ್ಟುಬಂದಿದ್ದೆ. ಒಳ್ಳೆಯ ಸೀರೆಗಳು, ನನ್ನ ಸರ್ಟಿಫಿಕೇಟುಗಳು ಎಲ್ಲ ಅದರಲ್ಲಿವೆ. ಪ್ರವೀಣ ಈ ಕಡೆ ಬರುವಾಗ ಅವನ ಕೈಲಿ ಕಳಿಸಿಕೊಡು. ಯಾಕೆ ಬಿಟ್ಟು ಹೋಗ್ತಿ ಎಂದು ನೀನು ಅವತ್ತು ಕೇಳಿದ್ದಕ್ಕೆ, ಹಗರಿಬೊಮ್ಮನಹಳ್ಳಿ ಮನೆಯಲ್ಲಿ ಇಡಲು ಜಾಗವಿಲ್ಲ ಎಂದಿದ್ದೆ. ಜಾಗ ಇತ್ತು ಅವ್ವ.