ಟೋಲ್‌ಗೇಟ್ ಸರ್ಕಲ್ಲಿನ ಮೂರನೇ ಕಾಲಂ

ಸ್ಕೂಲ್ ಬದಿ, ಕಲ್ಲೇಪೇಟೆ
ಫೆಬ್ರವರಿ 30, 2191

ಕಲ್ಲೇಪೇಟೆ ಪುರಸಭೆಯ ಮಾನ್ಯ ಅಧ್ಯಕ್ಷರಿಗೆ ಮತ್ತು ಸದಸ್ಯರಿಗೆ,

ದಿನಾಂಕ ನೋಡಿ ನಿಮ್ಮ ಟಪಾಲು ಗುಮಾಸ್ತರು ಈ ಕಾಗದವನ್ನು ಪಕ್ಕಕ್ಕೆ ಇಡದಿರಲಿ. ಫೆಬ್ರವರಿಗೆ ಎರಡು ದಿನ ಸೇರಿ ನಮ್ಮಲ್ಲಿ ಎಂಬತ್ತು ವರ್ಷವಾಯಿತು. ಕಾಗದ ಹಿಂದಿನ ಕಾಲಕ್ಕೆ ಹೇಗೆ ಬಂತೆಂದು ವಿವರಿಸಲು ಹೊರಟರೆ ಹೇಳಬೇಕಾದದ್ದು ಉಳಿದುಹೋಗುತ್ತದೆ. ದಯವಿಟ್ಟು ಇನ್‌ವರ್ಡ್ ನಂಬರ್ ಹಾಕಿಸಿ, ನಾಳೆಯ ಸಭೆಗೆ ಮುಂಚೆ ಓದಿ. ಭಾಷೆಯ ಬಗ್ಗೆಯೂ ಕ್ಷಮೆ ಕೇಳಬೇಕು. ನಿಮ್ಮ ಕಾಲದ ಕಡತಗಳನ್ನು ನಲವತ್ತು ವರ್ಷ ಓದಿದ್ದರಿಂದ ನಿಮ್ಮ ಕನ್ನಡ ನನಗೆ ಬರುತ್ತದೆ. ಆದರೆ ನಿಮ್ಮಿಂದ ನಮ್ಮವರೆಗೆ ಬರುವಷ್ಟರಲ್ಲಿ ಕೆಲವು ಪದಗಳು ಬೇರೆಯೇ ಆಗಿವೆ. ಮುಖ್ಯವಾಗಿ ಒಂದು: ‘ದಾಟು’. ನಮ್ಮಲ್ಲಿ ದಾಟುವುದು ಎಂದರೆ ಸಾಯುವುದು. ‘ನಮ್ಮ ತಾತ ಹೋದ ವರ್ಷ ದಾಟಿದರು’ ಎನ್ನುತ್ತೇವೆ, ಕೇಳಿದವರು ತಲೆ ತಗ್ಗಿಸುತ್ತಾರೆ. ಈ ಕಾಗದದಲ್ಲಿ ಆ ಪದ ಬಂದಲ್ಲೆಲ್ಲ ನನ್ನ ಕೈ ಒಂದಿಷ್ಟು ತಡೆದಿದೆ ಎಂದು ತಿಳಿಯಿರಿ.

ನಾನು ಈ ಊರಿನ ಹಳೇ ದಾಖಲೆಗಳನ್ನು ಕಾಯುತ್ತಿದ್ದವನು, ಈಗ ನಿವೃತ್ತ. ನೀವು ಟೋಲ್‌ಗೇಟ್ ಸರ್ಕಲ್ ಎಂದು ಕರೆಯುವ ಜಾಗದ ಅಂಚಿನಲ್ಲೇ ನನ್ನ ಮನೆ. ನಿಮ್ಮಲ್ಲಿ ಅದು ನಾಲ್ಕು ರಸ್ತೆ ಕೂಡುವ ಜಾಗ. ನಮ್ಮಲ್ಲಿ ಅದು ನಾಲ್ಕು ಊರು ಅಗಲುವ ಜಾಗ. ನಾವು ಬದಿಗಳಲ್ಲಿ ಬದುಕುತ್ತೇವೆ: ಸ್ಕೂಲ್ ಬದಿ, ಛತ್ರದ ಬದಿ, ಮಾರ್ಕೆಟ್ ಬದಿ, ಪೆಟ್ರೋಲ್ ಬದಿ. ಪೆಟ್ರೋಲ್ ಎಂದರೆ ಏನೆಂದು ಆ ಬದಿಯವರಿಗೂ ಗೊತ್ತಿಲ್ಲ. ನಡುವೆ ‘ಹರಿವು’ ಇದೆ. ಚಾಲಕರಿಲ್ಲದ ಓಟಪೆಟ್ಟಿಗೆಗಳು ಹಗಲೂ ರಾತ್ರಿ ಒಂದರ ಹಿಂದೊಂದು ಸಾಗುವ ರಸ್ತೆಗೆ ನಮ್ಮ ಕಾನೂನು ಕೊಟ್ಟ ಹೆಸರದು. ಹರಿವಿನ ನೆಲಕ್ಕೆ ಕಾಲಿಟ್ಟವನನ್ನು ‘ತಡೆಗಾರ’ ಎನ್ನುತ್ತಾರೆ. ತಡೆಗಾರನಿಗೆ ಪೆಟ್ಟಾದರೆ ತಪ್ಪು ಅವನದೇ, ದೂರು ಕೊಡುವಂತಿಲ್ಲ. ಛತ್ರದ ಬದಿಯಲ್ಲಿ ನನ್ನ ಅಕ್ಕ ಇದ್ದಾಳೆ. ಅವಳು ಮೆಂತ್ಯದ ಸೊಪ್ಪು ಬಿಡಿಸುವುದು ನನ್ನ ಕಿಟಕಿಯಿಂದ ಕಾಣುತ್ತದೆ, ಒಗ್ಗರಣೆ ಹಾಕಿದರೆ ವಾಸನೆಯೂ ಬರುತ್ತದೆ. ಅವಳ ಮನೆಗೆ ಹೋಗಬೇಕಾದರೆ ಪೆಟ್ಟಿಗೆ ಹತ್ತಿ ಒಂಬತ್ತು ಕಿಲೋಮೀಟರ್ ಸುತ್ತಬೇಕು. ಬದಿ ಬಿಟ್ಟು ಬದಿಗೆ ಹೆಣ್ಣು ಕೊಡುವವರು ಈಗ ಕಡಿಮೆ. ಮಾತೂ ಬದಲಾಗುತ್ತಿದೆ. ಅಕ್ಕನ ಮೊಮ್ಮಕ್ಕಳು ನನ್ನ ಮಾತನ್ನು ಆಡಿಕೊಂಡು ನಗುತ್ತವೆ.

ಇದೆಲ್ಲ ಯುದ್ಧದಿಂದಲೋ ಪ್ರಳಯದಿಂದಲೋ ಆಗಿದ್ದರೆ ನಾನು ಇಷ್ಟು ಕಹಿಯಾಗುತ್ತಿರಲಿಲ್ಲ. ಆದದ್ದು ಒಂದು ಫಾರಂನ ಮೂರನೇ ಕಾಲಂನಿಂದ.

ಆ ಫಾರಂ ನಿಮ್ಮ ಮುಂದೆಯೇ ಇದೆ. ಟೋಲ್‌ಗೇಟ್ ಸರ್ಕಲ್ಲಿಗೆ ಸಿಗ್ನಲ್ ದೀಪ, ಜನ ನಡೆಯಲು ಬಿಳಿ ಪಟ್ಟೆ, ನಡುವೆ ನಿಲ್ಲಲು ಕಟ್ಟೆ ಬೇಕೆಂಬ ಅರ್ಜಿ. ನಿಮ್ಮ ಎಂಜಿನಿಯರ್ ತಮ್ಮ ಕೆಲಸ ಚೆನ್ನಾಗಿಯೇ ಮಾಡಿದ್ದಾರೆ. ರಸ್ತೆಯ ಅಗಲ ಎಪ್ಪತ್ತೆರಡು ಅಡಿ, ಒಂದನೇ ತರಗತಿಯ ಮಗು ಅಷ್ಟು ದೂರ ನಡೆಯಲು ಇಪ್ಪತ್ತಾರು ಸೆಕೆಂಡು ಬೇಕು, ಎರಡು ವಾಹನಗಳ ನಡುವೆ ಸಿಗುವ ಬಿಡುವು ನಾಲ್ಕು ಸೆಕೆಂಡು ಎಂದು ಅಳೆದು ಬರೆದಿದ್ದಾರೆ. ಎಲ್ಲ ಕಾಲಂ ತುಂಬಿದೆ. ‘ವೃತ್ತದ ಹೆಸರು’ ಎಂಬ ಮೂರನೆಯದು ಮಾತ್ರ ಹನ್ನೊಂದು ವರ್ಷದಿಂದ ಖಾಲಿ. ಕುಸ್ತಿಯಲ್ಲಿ ಊರಿನ ಹೆಸರು ಬೆಳಗಿಸಿದ ಪೈಲ್ವಾನ್ ಬೈಲಪ್ಪನವರ ಹೆಸರಿಡಬೇಕೆಂದು ಸದಸ್ಯ ಪಾತಣ್ಣನವರ ಕಡೆಯವರು. ಛತ್ರ ಕಟ್ಟಿಸಿದ ಪುಟ್ಟಸ್ವಾಮಪ್ಪನವರ ಹೆಸರಿಡಬೇಕೆಂದು ಸದಸ್ಯ ಶಿವನಂಜಪ್ಪನವರ ಕಡೆಯವರು. ಬೈಲಪ್ಪನವರೂ ಪುಟ್ಟಸ್ವಾಮಪ್ಪನವರೂ ಬದುಕಿದ್ದಾಗ ಒಂದೇ ಹೋಟೆಲಿನಲ್ಲಿ ಇಡ್ಲಿ ತಿನ್ನುತ್ತಿದ್ದ ಸ್ನೇಹಿತರೆಂದು ನಿಮ್ಮದೇ ಕಡತದಲ್ಲಿದೆ. ಎರಡೂ ಕಡೆಯವರು ಸರ್ಕಲ್ಲಿನ ಮೂಲೆಗಳಲ್ಲಿ ತಾವು ಹೇಳುವ ಹೆಸರಿನ, ಎರಡಾಳೆತ್ತರದ ಸ್ವಾಗತ ಫ್ಲೆಕ್ಸ್ ಕಟ್ಟಿದ್ದೀರಿ. ತಿರುವಿನಲ್ಲಿ ಬರುವ ವಾಹನ ಈ ಕಡೆ ನಿಂತವರಿಗೆ ಕಾಣುವುದಿಲ್ಲ, ನಿಂತವರು ವಾಹನಕ್ಕೂ ಕಾಣುವುದಿಲ್ಲ.

ನಾಳೆಯ ಸಭೆಯ ಧ್ವನಿಮುದ್ರಣ ನನ್ನ ಬಳಿ ಇದೆ. ನೀವು ಇನ್ನೂ ಆಡದ ಮಾತುಗಳನ್ನು ನಾನು ನೂರು ಸಲ ಕೇಳಿದ್ದೇನೆ. ಸಾರ್ವಜನಿಕರ ಬೆಂಚಿನಿಂದ ಒಬ್ಬ ಹೆಂಗಸು ಎದ್ದು ನಿಲ್ಲುತ್ತಾರೆ. ಚಿಕ್ಕತಾಯಮ್ಮ. ಸರ್ಕಾರಿ ಶಾಲೆಯ ಬಿಸಿಯೂಟದ ಅಡುಗೆಯವರು, ವಯಸ್ಸು ಐವತ್ತೆಂಟು. ಬೆಳಿಗ್ಗೆ ಒಲೆ ಹಚ್ಚುವ ಮುಂಚೆ, ಸಂಜೆ ಪಾತ್ರೆ ತೊಳೆದ ಮೇಲೆ, ಸರ್ಕಲ್ಲಿನಲ್ಲಿ ರಸ್ತೆಗೆ ಇಳಿದು ಕೈ ಅಡ್ಡ ಹಿಡಿದು ಮಕ್ಕಳನ್ನು ದಾಟಿಸುವವರು. ಅದು ಅವರ ಕೆಲಸವಲ್ಲ, ಯಾರೂ ಹೇಳಿದ್ದೂ ಅಲ್ಲ.

“ಸ್ವಾಮಿ, ಹನ್ನೊಂದು ವರ್ಷದಿಂದ ಕೈ ಹಿಡೀತಾ ಇವ್ನಿ. ಕೈ ಇರೋವು ಎರಡು, ರಸ್ತೆ ನಾಕು. ಒಂದು ದೀಪ ಹಾಕ್ಸಿ” ಎನ್ನುತ್ತಾರೆ.

“ಕೂತ್ಕೊಳಮ್ಮ, ಬರ್ತೀವಿ ಅದಕ್ಕೆ. ಮೊದ್ಲು ಹೆಸ್ರು ಇತ್ಯರ್ಥ ಆಗ್ಲಿ” ಎಂದು ಪಾತಣ್ಣನವರು.

“ಮೂರನೇ ಕಾಲಂ ಖಾಲಿ ಬಿಟ್ರೆ ಕಂಪ್ಯೂಟರ್ ಮುಂದಕ್ಕೆ ಹೋಗಲ್ಲ ಸಾರ್. ಸದ್ಯಕ್ಕೆ ಟೋಲ್‌ಗೇಟ್ ಅಂತಾನೇ ಹಾಕ್ಬಿಡ್ಲಾ? ಎಲ್ರೂ ಹಂಗೇ ಕರೀತಾರಲ್ಲ” ಎಂದು ಎಂಜಿನಿಯರ್.

“ಏನ್ರೀ ಹಂಗಂದ್ರೆ? ಟೋಲ್ ಎಲ್ಲೈತೆ, ಗೇಟ್ ಎಲ್ಲೈತೆ? ನಮ್ಮಪ್ಪನ ಕಾಲ್ದಲ್ಲೇ ಕಿತ್ತಾಕಿದ್ರು. ಇಲ್ದೇ ಇರೋದನ್ನ ಸರ್ಕಾರಿ ಕಾಗದದಾಗೆ ಹೆಂಗ್ ಬರೀತೀರ?” ಎಂದು ಶಿವನಂಜಪ್ಪನವರು. ಈ ಒಂದು ಮಾತಿಗೆ ಪಾತಣ್ಣನವರೂ “ಅದು ಸರಿ” ಎನ್ನುತ್ತಾರೆ. ಹನ್ನೊಂದು ವರ್ಷದಲ್ಲಿ ಎರಡು ಕಡೆಯವರೂ ಒಪ್ಪಿದ ಮೊದಲ ಮಾತು ಅದು.

ಆಗ ಚಿಕ್ಕತಾಯಮ್ಮ ಇನ್ನೂ ನಿಂತೇ ಇರುತ್ತಾರೆ. “ಬೈಲಪ್ಪೋರೂ ಈಗಿಲ್ಲ, ಪುಟ್ಟಸ್ವಾಮಪ್ಪೋರೂ ಇಲ್ಲ. ಇಲ್ದೇ ಇರೋರ ಹೆಸ್ರು ಬರೀಬೋದು, ಇಲ್ದೇ ಇರೋ ಗೇಟಿನ ಹೆಸ್ರು ಬರೀಬಾರ್ದಾ ಸ್ವಾಮಿ?”

ಇಡೀ ಸಭೆ ನಗುತ್ತದೆ. ನಗು ಅಡಗಿದ ಮೇಲೆ ಅವರು ಕೇಳುತ್ತಾರೆ, “ಹೆಸ್ರು ಇಡೋಗಂಟ ಏನ್ ಮಾಡೋದು?”

“ಅಲ್ಲೀಗಂಟ ನೀನೇ ನಮ್ಮೂರ ಸಿಗ್ನಲ್ಲು ಕಣಮ್ಮ” ಎನ್ನುತ್ತಾರೆ ಪಾತಣ್ಣನವರು. ಮೇಜು ಕುಟ್ಟುವ ಸದ್ದು. ಚಿಕ್ಕತಾಯಮ್ಮನವರೂ ನಗುತ್ತಾರೆ, ಅದು ನನಗೆ ಸ್ಪಷ್ಟವಾಗಿ ಕೇಳಿಸುತ್ತದೆ. ವಿಷಯವನ್ನು ಮುಂದಿನ ಸಭೆಗೆ ಮುಂದೂಡಲಾಗುತ್ತದೆ.

ಮುಂದಿನ ಸಭೆಯ ಹೊತ್ತಿಗೆ ಅವರು ಇರುವುದಿಲ್ಲ. ನಾಳೆಯಿಂದ ಹತ್ತೊಂಬತ್ತನೆಯ ದಿನ, ಬೆಳಿಗ್ಗೆ ಒಂಬತ್ತೂಕಾಲಿಗೆ, ಏಳು ಮಕ್ಕಳನ್ನು ಫುಟ್‌ಪಾತಿನ ಮೇಲೆ ನಿಲ್ಲಿಸಿ, “ನಾನು ಕರೆಯೋವರ್ಗೂ ಇಳೀಬ್ಯಾಡ್ರಿ” ಎಂದು ಹೇಳಿ ಅವರೊಬ್ಬರೇ ರಸ್ತೆಗೆ ಇಳಿಯುತ್ತಾರೆ. ಎಡಗೈಯಲ್ಲಿ ಕೊತ್ತಂಬರಿ ಸೊಪ್ಪಿನ ಚೀಲ. ಬಲಗೈ ಮುಂದಕ್ಕೆ, ಅಂಗೈ ಹೊರಗೆ. ಬೈಲಪ್ಪನವರ ಫ್ಲೆಕ್ಸಿನ ಹಿಂದಿನಿಂದ ಜಲ್ಲಿ ತುಂಬಿದ ಟಿಪ್ಪರ್ ಬರುತ್ತದೆ. ಮಕ್ಕಳು ಅವರ ಮಾತು ಮೀರುವುದಿಲ್ಲ. ಪೊಲೀಸರು ಬರುವವರೆಗೆ ಏಳೂ ಮಕ್ಕಳು ಫುಟ್‌ಪಾತಿನ ಮೇಲೆ ಸಾಲಾಗಿ ನಿಂತೇ ಇದ್ದವೆಂದು ಪಂಚನಾಮೆಯಲ್ಲಿದೆ.

ಆಮೇಲೆ ನೀವು ಮಾಡಿದ್ದನ್ನು ಬರೆಯಲು ನನಗೆ ನಾಚಿಕೆಯಾಗುತ್ತದೆ. ನಾನು ನಿಮ್ಮ ವಂಶದವನೇ, ನಿಮ್ಮಲ್ಲಿ ಯಾರ ಕಡೆಯವನೆಂದು ಹೇಳುವುದಿಲ್ಲ. ಹನ್ನೊಂದು ವರ್ಷ ಬಗೆಹರಿಯದ ಹೆಸರು ಆಗ ಏಳು ನಿಮಿಷದಲ್ಲಿ ಬಗೆಹರಿಯಿತು. ಚಿಕ್ಕತಾಯಮ್ಮ ವೃತ್ತ. ಎರಡೂ ಕಡೆಯವರು ಎದ್ದು ನಿಂತು ಒಪ್ಪಿದಿರಿ. ಮೂರನೇ ಕಾಲಂ ತುಂಬಿತು. ಆದರೆ ಹೆಸರಿಟ್ಟ ಮೇಲೆ ಮೂರ್ತಿ ಇಲ್ಲದಿದ್ದರೆ ಹೇಗೆ ಎಂದಿರಿ. ಮೂರ್ತಿ ಕೂರಿಸುವವರೆಗೆ ದೀಪದ ಕಂಬ ನೆಡುವುದು ಬೇಡ, ಆಮೇಲೆ ಕೀಳಬೇಕಾದೀತು ಎಂದಿರಿ. ಮೂರ್ತಿ ಬಂತು. ಸರ್ಕಲ್ಲಿನ ನಟ್ಟನಡುವೆ ಎತ್ತರದ ಪೀಠದ ಮೇಲೆ, ಬಲಗೈ ಮುಂದಕ್ಕೆ, ಅಂಗೈ ಹೊರಗೆ. ಶಿಲ್ಪಿ ಪ್ರಾಮಾಣಿಕ, ಅವರು ನಿಂತಿದ್ದಂತೆಯೇ ಕಡೆದಿದ್ದ. ಪೀಠದ ಸುತ್ತ ವಾಹನ ತಿರುಗಲು ಜಾಗ ಸಾಲದೆ ಫುಟ್‌ಪಾತ್ ಒಡೆದಿರಿ. ಅಲ್ಲಿಗೆ ದೀಪದ ಮಾತು ಮುಗಿಯಿತು.

ಆ ಕೈಯ ಅರ್ಥ ಮರೆಯಲು ನಿಮಗೆ ಎಷ್ಟು ಕಾಲ ಹಿಡಿಯಿತು ಗೊತ್ತೆ? ಎರಡು ವರ್ಷ. ಮೂರನೆಯ ವರ್ಷದ ಆಯುಧಪೂಜೆಗೆ ಯಾರೋ ಹೊಸ ಲಾರಿ ತಂದು ಮೂರ್ತಿಯ ಮುಂದೆ ನಿಲ್ಲಿಸಿ ಕುಂಬಳಕಾಯಿ ಒಡೆದರು. ನಿಲ್ಲು ಎಂದು ಹಿಡಿದ ಕೈ ಅವರ ಕಣ್ಣಿಗೆ ಅಭಯಹಸ್ತವಾಗಿ ಕಂಡಿತು. ಅಂಗೈ ಹೊರಗಿಟ್ಟು ನಿಂತ ತಾಯಿಯನ್ನು ಕಂಡರೆ ನಮ್ಮವರಿಗೆ ಬೇರೆ ಏನು ತಾನೇ ಹೊಳೆದೀತು? ಮುಂದಿನ ವರ್ಷ ನಲವತ್ತು ವಾಹನ ಬಂದವು. ಲಾರಿಗಳ ಹಿಂದೆ ಆ ಕೈಯ ಚಿತ್ರ ಬಂತು, ಕೆಳಗೆ ‘ತಾಯಿಯ ಆಶೀರ್ವಾದ’ ಎಂಬ ಬರಹ. ತಾಯಿ ಹರಸಿದ ರಸ್ತೆಯಲ್ಲಿ ವಾಹನ ನಿಲ್ಲಬಾರದೆಂದಾಯಿತು, ಆಮೇಲೆ ನಡೆಯುವವರು ಅಲ್ಲಿಗೆ ಇಳಿಯಲೇಬಾರದೆಂದಾಯಿತು. ಇಂದು ಅವರ ಹೆಸರು ಕೈತಾಯಮ್ಮ. ಹರಿವಿನ ದೇವತೆ. ಪ್ರತಿ ಓಟಪೆಟ್ಟಿಗೆಯ ಮೂತಿಯ ಮೇಲೂ ಅವರ ಅಂಗೈ ಅಚ್ಚಾಗಿದೆ. ಸರ್ಕಲ್ಲಿಗೆ ಬಂದಾಗ ಪೆಟ್ಟಿಗೆಗಳು ವೇಗ ಹೆಚ್ಚಿಸುತ್ತವೆ, ತಾಯಿಯ ಮುಂದೆ ನಿಧಾನಿಸುವುದು ಅಪಶಕುನವೆಂದು ಹಾಗೆ ಮಾಡಲಾಗಿದೆ. ಚಿಕ್ಕವನಿದ್ದಾಗ ನನ್ನನ್ನೂ ಪೆಟ್ಟಿಗೆಯಲ್ಲಿ ಕೂರಿಸಿ, ಅವರ ಕೈಯ ಕೆಳಗೆ ಮೂರು ಸಲ ವೇಗವಾಗಿ ಸುತ್ತಿಸಿದ್ದರು. ನಾನು ಕೈ ಮುಗಿದಿದ್ದೆ. ಅವರು ಏನು ಹೇಳುತ್ತಿದ್ದಾರೆಂದು ನನಗೆ ತಿಳಿದದ್ದು ಐವತ್ತನೆಯ ವಯಸ್ಸಿನಲ್ಲಿ, ನಿಮ್ಮ ಸಭೆಯ ಧ್ವನಿಮುದ್ರಣ ಕೈಗೆ ಸಿಕ್ಕಿದ ದಿನ.

ಪೀಠದ ಮೇಲಿನ ಬರಹವನ್ನಾದರೂ ತಿದ್ದಿಸೋಣವೆಂದು ನಮ್ಮ ಆಡಳಿತಕ್ಕೆ ಹದಿನಾಲ್ಕು ಅರ್ಜಿ ಬರೆದೆ. ಅದು ಆಶೀರ್ವಾದದ ಕೈಯಲ್ಲ, ತಡೆಯುವ ಕೈ, ನಮ್ಮ ಕಾನೂನಿನ ಪ್ರಕಾರ ಕೈತಾಯಮ್ಮನೂ ಒಬ್ಬ ತಡೆಗಾರ್ತಿಯೇ ಎಂದು ಬರೆದೆ. ದೇವರನ್ನು ನಿಂದಿಸಿದನೆಂದು ನನಗೆ ಎರಡು ತಿಂಗಳು ಯಾರೂ ಸೊಪ್ಪು ಹಾಲು ಮಾರಲಿಲ್ಲ. ಕೊನೆಯ ಅರ್ಜಿ ಮೊನ್ನೆ ಹಿಂದಕ್ಕೆ ಬಂತು. ಮೂರ್ತಿ ಯಾವ ಬದಿಗೂ ಸೇರದೆ ಹರಿವಿನ ನಡುವೆ ಇರುವುದರಿಂದ ‘ಸಂಬಂಧಪಟ್ಟ ಬದಿ’ ಎಂಬ ಕಾಲಂ ಖಾಲಿ ಉಳಿದಿದೆಯಂತೆ. ಅರ್ಜಿ ಮುಂದಕ್ಕೆ ಹೋಗುವುದಿಲ್ಲವಂತೆ. ಅದು ಎಷ್ಟನೇ ಕಾಲಂ ಎಂದು ನಾನು ಹೇಳಬೇಕಾಗಿಲ್ಲ. ಅಂದೇ ಈ ಕಾಗದ ಬರೆಯಲು ಕೂತೆ.

ನಾಳೆ ಬೆಳಿಗ್ಗೆ ನಿಮ್ಮ ಕೈಯಲ್ಲಿ ಇನ್ನೂ ಎಲ್ಲವೂ ಇದೆ. ಎಂಜಿನಿಯರ್ ಬಾಯಿ ತೆರೆಯುವ ಮುಂಚೆಯೇ ಪೆನ್ನು ತೆಗೆದು ಮೂರನೇ ಕಾಲಂನಲ್ಲಿ ‘ಟೋಲ್‌ಗೇಟ್’ ಎಂದು ಬರೆಯಿರಿ. ಗೇಟು ಇಲ್ಲದಿದ್ದರೆ ಬೇಡ, ಹೆಸರು ಇದೆಯಲ್ಲ. ಸಂಜೆಯೊಳಗೆ ಫ್ಲೆಕ್ಸ್ ಬಿಚ್ಚಿಸಿ, ಎರಡೂ ಕಡೆಯವು. ಬೈಲಪ್ಪನವರೂ ಪುಟ್ಟಸ್ವಾಮಪ್ಪನವರೂ ಬೇಸರ ಮಾಡಿಕೊಳ್ಳುವುದಿಲ್ಲ. ದೀಪ ಬರುವವರೆಗೆ ಬೆಳಿಗ್ಗೆ ಒಂದು ಗಂಟೆ, ಸಂಜೆ ಒಂದು ಗಂಟೆ ಒಬ್ಬ ಪೇದೆಯನ್ನು ಅಲ್ಲಿ ನಿಲ್ಲಿಸಲು ಪತ್ರ ಬರೆಯಿರಿ. ದೀಪ ಬಂದಾಗ ನಡೆಯುವವರಿಗೆ ಇಪ್ಪತ್ತಾರು ಸೆಕೆಂಡು ಕೊಡಿ. ಇಪ್ಪತ್ತು ಸಾಕು ಎನ್ನುವವರು ನಿಮ್ಮಲ್ಲಿ ಇದ್ದೇ ಇರುತ್ತಾರೆ. ಅಂಥವರು ಒಂದನೇ ತರಗತಿಯ ಮಗುವಿನ ಕೈ ಹಿಡಿದು ಒಮ್ಮೆ ನಡೆದು ತೋರಿಸಲಿ.

ನೀವು ಹೀಗೆ ಮಾಡಿದರೆ ನಾಳೆಯಿಂದ ಹತ್ತೊಂಬತ್ತನೆಯ ದಿನ ಕಲ್ಲೇಪೇಟೆಯಲ್ಲಿ ಏನೂ ಆಗುವುದಿಲ್ಲ. ಕಡತದಲ್ಲಿ ಆ ದಿನದ ಪುಟವೇ ಇರುವುದಿಲ್ಲ. ಏಳು ಮಕ್ಕಳು ಶಾಲೆಗೆ ಹೋಗುತ್ತವೆ, ಮಧ್ಯಾಹ್ನ ಸಾರಿಗೆ ಕೊತ್ತಂಬರಿ ಬೀಳುತ್ತದೆ. ಸರ್ಕಲ್ಲಿಗೆ ಅವರ ಹೆಸರು ಇರುವುದಿಲ್ಲ, ನಮಗೆ ಕೈತಾಯಮ್ಮ ಎಂಬ ದೇವತೆ ಇರುವುದಿಲ್ಲ, ಈ ಕಾಗದ ಬರೆಯಲು ಬಹುಶಃ ನಾನೂ ಇರುವುದಿಲ್ಲ. ಯಾವುದಕ್ಕೂ ನನ್ನ ಅಭ್ಯಂತರವಿಲ್ಲ.

ನಾಳೆ ಅವರು ಎದ್ದು ನಿಂತಾಗ ಯಾರೂ ನಗಬೇಡಿ. ಚಿಕ್ಕತಾಯಮ್ಮ ರಸ್ತೆ ದಾಟಲಿ. ನಿಮ್ಮ ಕಾಲದ ಅರ್ಥದಲ್ಲಿ.

ಇಂತಿ,
ತೇಜಮೂರ್ತಿ
ಸ್ಕೂಲ್ ಬದಿ