ಸಮುದ್ರನೊರೆ ಮತ್ತು ಅಂಟುವಾಳ

ಅಪ್ಪ,

ಹೊಣಕೆರೆಯಲ್ಲಿ ನಿನ್ನ ಅಗ್ಗಿಷ್ಟಿಕೆಯ ಪಕ್ಕ ಎರಡು ಡಬ್ಬಿಗಳಿದ್ದವು. ಒಂದರಲ್ಲಿ ಒಡವೆ ತೊಳೆಯುವ ಅಂಟುವಾಳ. ಇನ್ನೊಂದರಲ್ಲಿ ಸಮುದ್ರನೊರೆ, ನೀನು ಅಚ್ಚು ಕೊರೆದು ಬೆಳ್ಳಿ ಎರೆಯುತ್ತಿದ್ದ ಆ ಬಿಳಿ ಬಿಲ್ಲೆಗಳು. "ಒಂದು ಮರ ಕೊಟ್ಟಿದ್ದು, ಇನ್ನೊಂದು ಅಲೆ ಕೊಟ್ಟಿದ್ದು. ಅಕ್ಕಸಾಲಿ ಕೈಗೆ ಜೀವಹಿಂಸೆ ಅಂಟಾಕಿಲ್ಲ ಕಣವ್ವ" ಅನ್ನುತ್ತಿದ್ದೆ ನೀನು. ಅಲೆಯ ನೊರೆ ಒಣಗಿ ಗಟ್ಟಿಯಾದದ್ದು ಅಂತಲೇ ನಿನ್ನ ನಂಬಿಕೆ. ನೀನು ಸಮುದ್ರ ನೋಡಿದ್ದಾದರೂ ಯಾವಾಗ?

ಕಿರಂಗೂರಿನ ಮಹೇಶ ನನ್ನನ್ನು ಮದುವೆಗೆ ಕೇಳಲು ಬಂದ ದಿನ ನೀನು ಅವನಿಗೆ ಜಗಲಿಯಲ್ಲೇ ಊಟದ ಎಲೆ ಹಾಕಿಸಿದೆ. ಒಳಗೆ ಬಂದು, ಅವನಿಗೆ ಕೇಳಲೆಂದೇ ಗಟ್ಟಿಯಾಗಿ ಹೇಳಿದೆ: "ಮೂಳೆ ಕಡಿಯೋ ಬಾಯಿ ಅದು. ನಮ್ ಪಂಕ್ತೀಲಿ ಎಂಗವ್ವ ಕೂರ್ಸಾನ?"

"ಬುಡಿ ಯಜಮಾನ್ರೆ, ಇವತ್ತು ಸೋಮವಾರ. ನಂದೂ ಬರೀ ಸೊಪ್ಪೇಯ" ಎಂದು ಹೊರಗಿನಿಂದ ಅವನು ನಕ್ಕ. ಅವಮಾನ ನುಂಗಿ ನಕ್ಕ ಆ ನಗುವನ್ನು ನನಗೆ ಸಹಿಸಲಾಗಲಿಲ್ಲ.

ಅವನು ಹೋದ ಮೇಲೆ ನಾನು ನಮ್ಮ ವಿಜ್ಞಾನ ಸಂಘದ ಕಿರುಹೊತ್ತಿಗೆ ತಂದು ನಿನ್ನೆದುರು ಓದಿದೆ. ಅಂಟುವಾಳ ವರ್ಷವರ್ಷ ಹೂ ಬಿಡುತ್ತದೆ, ಕಾಯಿ ಉದುರಿಸಿದ ಮೇಲೂ ಮರ ಮರವಾಗಿಯೇ ನಿಂತಿರುತ್ತದೆ. ನಿನ್ನ ನೊರೆ ಕೊಡುವುದು ಕಪ್ಪೆಬೊಂಡಾಸ್ ಎಂಬ ಕಡಲಪ್ರಾಣಿ. ಮೂರು ಹೃದಯ, ನೀಲಿ ರಕ್ತ. ಸಂತಾನದ ಕಾಲ ಒಂದೇ ಸಲ, ಅದಾದ ಮೇಲೆ ಸಾವು. ಅದು ಸಾಯದೆ ನಿನ್ನ ಅಚ್ಚಿಲ್ಲ. "ಅದು ಮೂಳೆ ಅಪ್ಪ. ಅದರ ಪುಡೀಲೇ ಮೂವತ್ತು ವರ್ಷ ಹಲ್ಲುಜ್ಜಿದ್ದೀಯ. ಈಗ ಹೇಳು, ಮೂಳೆ ಬಾಯಿ ಯಾವುದು?"

ಅಮ್ಮ ಓಡಿಬಂದಳು. "ಸಾಕು ಬುಡೇ, ಸಾಯಿಸ್ಬುಟ್ಟೀಯ!"

ನೀನು ಬಚ್ಚಲಿಗೆ ಹೋಗಿ ಬಾಯಿ ಮುಕ್ಕಳಿಸಿದೆ. ಮತ್ತೆ ಮುಕ್ಕಳಿಸಿದೆ. ಅಂದಿನಿಂದ ಬೆಳ್ಳಿ ಎರೆಯಲೇ ಇಲ್ಲ, ಗಿರಾಕಿಗಳು ಕೆ.ಆರ್. ಪೇಟೆ ದಾರಿ ಹಿಡಿದರು. ಐದು ತಿಂಗಳು ಬೇರೆಯವರ ಒಡವೆ ತೊಳೆಯುತ್ತಾ ಕೂತೆ. ನನ್ನೊಂದಿಗೆ ಒಂದು ಮಾತೂ ಆಡದೆ ತೀರಿಹೋದೆ.

ಪುಸ್ತಕದಲ್ಲಿ ಇದ್ದದ್ದು 'ಬೆನ್ನೊಳಗಿನ ಚಿಪ್ಪು' ಅಂತ. ಮೂಳೆ ಅಂದವಳು ನಾನು, ಬೇಕೆಂದೇ. ನಿಜ ಹೇಳಬೇಕು ಎಂದು ಊರಿಗೆಲ್ಲ ಕರಪತ್ರ ಹಂಚುವವಳು. ಚಿಪ್ಪು ಅಂದಿದ್ದರೆ ನೀನು ಬಹುಶಃ... ಇರಲಿ. ಕ್ಷಮೆ ಕೇಳಲು ಬರೆಯುತ್ತಿಲ್ಲ. ನೀನು ಮಹೇಶನಲ್ಲಿ ಕ್ಷಮೆ ಕೇಳಿದೆಯಾ?

ನೀನು ಹೋಗಿ ವರ್ಷ ತುಂಬಲಿ, ಆಮೇಲೆ ಮದುವೆ ಅನ್ನುತ್ತಾನೆ ಚಿಕ್ಕಪ್ಪ. ನಾನು ಕಾಯುವುದಿಲ್ಲ. ಬರುವ ಗುರುವಾರ ಶ್ರೀರಂಗಪಟ್ಟಣದ ರಿಜಿಸ್ಟ್ರಾರ್ ಕಚೇರಿಯಲ್ಲಿ ನಮ್ಮ ಮದುವೆ. ಅಮ್ಮನೂ ಒಬ್ಬ ಸಾಕ್ಷಿ. ನಿನ್ನೆ ಮಹೇಶ ಬಂದಾಗ ಅವಳು ಅವನನ್ನು ಒಳಗೆ ಕರೆದು, ನೀನು ಕೂರುತ್ತಿದ್ದ ಮಣೆ ಹಾಕಿ ಊಟಕ್ಕಿಟ್ಟಳು. ಹಾಗೆ ಮಾಡು ಅಂತ ನಾನು ಹೇಳಿರಲಿಲ್ಲ ಅಪ್ಪ.

ನಿನ್ನ ಮಗಳು,
ರೂಪಾ