ಎಮ್ಮೆಗೆ ಹೊಸ ಟೈರು

ಪೆಂದುರ್ತಿ, ವಿಶಾಖಪಟ್ಟಣ
೧೦ ಫೆಬ್ರವರಿ ೨೦೨೬, ಮಂಗಳವಾರ

ಪ್ರೀತಿಯ ಅಣ್ಣಾ,

ನಿನ್ನ ತಮ್ಮ ಬಾಲಚಂದ್ರನ ನಮಸ್ಕಾರ. ಹೇಗಿದ್ದೀಯ? ಎಡಗೈ ಬೆರಳು ಸ್ವಲ್ಪ ಸ್ವಲ್ಪ ಮಡಚುತ್ತಿದೆ, ಕೋಲು ಹಿಡಿದು ಗೇಟಿನವರೆಗೆ ನಡೆಯುತ್ತಾರೆ ಎಂದು ಅತ್ತಿಗೆ ಹೇಳಿದರು. ಸಾರಿಗೆ ಉಪ್ಪು ಕಡಿಮೆ ಹಾಕಿದ್ದಕ್ಕೆ ತಟ್ಟೆ ಸರಿಸಿ ಗೋಡೆಯ ಕಡೆ ಮುಖ ಮಾಡಿ ಕೂತೆಯಂತೆ. ಅದನ್ನು ಕೇಳಿ ನನಗೆ ಸಮಾಧಾನವೇ ಆಯಿತು. ಕೋಪ ಬರುತ್ತಿದೆ ಎಂದರೆ ಒಳಗಿರುವವನು ನಮ್ಮ ಶೇಷಗಿರಿಯೇ, ಬೇರೆ ಯಾರೂ ಅಲ್ಲ. ಕೋಪ ಎಷ್ಟು ಬೇಕಾದರೂ ಮಾಡಿಕೋ, ಬಿ.ಪಿ. ಮಾತ್ರೆ ಮಾತ್ರ ತಪ್ಪಿಸಬೇಡ. ರಾತ್ರಿ ನಿದ್ದೆ ಬರುತ್ತಿದೆಯೇ? ಬೆಳಿಗ್ಗೆ ಬಿಸಿಲಿಗೆ ಕೂರುತ್ತೀಯಾ? ಇವೆಲ್ಲವನ್ನೂ ಅತ್ತಿಗೆಯನ್ನು ಕೇಳಿ ತಿಳಿದುಕೊಳ್ಳಬಹುದು, ಕೇಳುತ್ತೇನೆ ಕೂಡ. ಆದರೆ ಅವರ ಉತ್ತರ ತೆಲುಗಿನಲ್ಲಿ ಬರುತ್ತದೆ, ನಿನ್ನ ಬಾಯಿಂದ ಬರುವುದಿಲ್ಲ.

ನಾನು ಚೆನ್ನಾಗಿದ್ದೇನೆ. ಬಂದರಿನಲ್ಲಿ ಕೆಲಸ ಎಂದಿನಂತೆ ನಡೆದಿದೆ. ಹಡಗುಗಳು ಬರುತ್ತವೆ, ಹೋಗುತ್ತವೆ, ನಮ್ಮ ಕ್ಲಿಯರಿಂಗ್ ಆಫೀಸಿನಲ್ಲಿ ಕಸ್ಟಮ್ಸಿನವರನ್ನು ಬೈಯುವುದು, ಅವರು ನಮ್ಮನ್ನು ಬೈಯುವುದು ಎರಡೂ ನಿಂತಿಲ್ಲ. ಮನೆಗೆ ಬಂದರೆ ಮಾತ್ರ ಸದ್ದೇ ಇರುವುದಿಲ್ಲ. ಮದುವೆಯಾಗದವನಿಗೆ ಇದು ಹೊಸದೇನಲ್ಲ ಎಂದು ನೀನು ಅನ್ನಬಹುದು. ಹೌದು, ಆದರೆ ಇಷ್ಟು ವರ್ಷ ದಿನಾ ಸಂಜೆ ನಿನ್ನ ಫೋನು ಬರುತ್ತಿತ್ತಲ್ಲ. "ಏನ್ ಸಾರು ಇವತ್ತು?" ಎಂದು ಶುರುವಾಗಿ, ಅರಸೀಕೆರೆಯ ಯಾವ ನೆಂಟರು ಯಾರ ಜೊತೆ ಜಗಳ ಆಡಿದರು ಎಂಬಲ್ಲಿಗೆ ಮುಗಿಯುತ್ತಿತ್ತು. ಈ ಊರಿನಲ್ಲಿ ನನ್ನ ಕನ್ನಡವೆಲ್ಲ ಆ ಫೋನಿನಲ್ಲೇ ಖರ್ಚಾಗುತ್ತಿತ್ತು. ಈಗ ಹಾಲು ಉಕ್ಕಿದಾಗ ಅಯ್ಯೋ ಎನ್ನುತ್ತೇನೆ ನೋಡು, ದಿನದಲ್ಲಿ ನಾನು ಆಡುವ ಕನ್ನಡ ಅಷ್ಟೇ.

ಲಕ್ವ ಹೊಡೆದ ಮೇಲೆ ಮೊದಲ ಸಲ, ದೀಪಾವಳಿಯ ದಿನ, ನೀನು ಫೋನಿನಲ್ಲಿ ಏನೋ ಹೇಳಿದೆ. ನನಗೆ ತಿಳಿಯಲಿಲ್ಲ. ಏನಂದೆ ಅಣ್ಣಾ ಎಂದೆ. ಮತ್ತೆ ಹೇಳಿದೆ, ಮತ್ತೆ ತಿಳಿಯಲಿಲ್ಲ. ಮೂರನೇ ಸಲ ಕೇಳುವ ಹೊತ್ತಿಗೆ ಫೋನು ಅತ್ತಿಗೆಯ ಕೈಯಲ್ಲಿತ್ತು. ಅವತ್ತಿನಿಂದ ನೀನು ಫೋನು ಮುಟ್ಟಿಲ್ಲ. ಸಂಕ್ರಾಂತಿಗೆ ನಾನೇ ವಿಜಯವಾಡಕ್ಕೆ ಬಂದೆ. ಆಗಲೂ ಬಾಯಿ ಬಿಡಲಿಲ್ಲ. ನಾಲಿಗೆ ಹೊರಳುತ್ತದೆ, ದಿನಾ ಮಾತಾಡಿಸಿ, ಆಡಿದಷ್ಟೂ ತಿದ್ದಿಕೊಳ್ಳುತ್ತದೆ ಎಂದು ಡಾಕ್ಟರು ಹೇಳಿದ್ದಾರೆ. ನೀನು ನೋಡಿದರೆ ಬ್ಯಾಂಕಿನ ಲಾಕರಿನ ಹಾಗೆ ಬಾಯಿಗೆ ಬೀಗ ಹಾಕಿಕೊಂಡು ಕೂತಿದ್ದೀಯ. ಪವರ್ ಸ್ಟೇಷನ್ನಿನ ಟರ್ಬೈನಿನ ಸದ್ದಿನ ಮೇಲೂ ಕೇಳುವ ಹಾಗೆ ಕೂಗುತ್ತಿದ್ದ ಮನುಷ್ಯ ನೀನು, ನಿನಗೆ ನಾಚಿಕೆಯಾಗುತ್ತದೆ ಎಂದು ನನಗೆ ಗೊತ್ತು. ಆದರೂ ನನ್ನ ಮುಂದೆ ಎಂಥ ನಾಚಿಕೆ? ಅದಕ್ಕೇ ಕಾಗದ ಬರೆಯುವುದಕ್ಕೆ ಕೂತಿದ್ದೇನೆ. ಇದರಲ್ಲಾದರೆ ನೀನು ಉತ್ತರ ಕೊಡಬೇಕಾಗಿಲ್ಲ, ಓದಿದರೆ ಸಾಕು.

ಈಗ ಎಮ್ಮೆಯ ವಿಷಯ. ಸಂಕ್ರಾಂತಿಗೆ ಬಂದಾಗ ನೀನು ಮೊಳೆಯಿಂದ ಬೀಗದಕೈ ತೆಗೆದು ನನ್ನ ಮುಂದೆ ಇಟ್ಟು, ಷೆಡ್ಡಿನ ಕಡೆ ಗದ್ದ ಆಡಿಸಿದೆಯಲ್ಲ, ಆಗಲೇ ನನಗೆ ಗೊತ್ತಾಗಿತ್ತು. ನೀನು ಕೊಟ್ಟದ್ದು ಸಂತೋಷದಿಂದ ಅಲ್ಲ, ಎಡಗೈಯಲ್ಲಿ ಕ್ಲಚ್ಚು ಹಿಡಿಯಲು ಆಗುವುದಿಲ್ಲ ಎಂದು. ಅದು ಮನೆಗೆ ಬಂದ ದಿನವೇ ನೀನು ಎಮ್ಮೆ ಎಂದು ಹೆಸರಿಟ್ಟೆ, ಒಂದು ಸಲ ಮಲಗಿತು ಎಂದರೆ ನಾಲ್ಕು ಜನ ಬೇಕು ಎಬ್ಬಿಸುವುದಕ್ಕೆ ಎಂದು. ಮುನ್ನೂರು ಕಿಲೋ ಮೀರಿದ ಬೈಕು, ಹಿಂದೆ ಒರಗು, ಕೈದಿಂಡು ಇರುವ ಸೋಫಾದಂಥ ಸೀಟು. ಆ ಸೀಟಿನ ಮೇಲೆ ಕೂತು ಅರಕು, ಶ್ರೀಶೈಲ, ಹಂಪಿ ಎಲ್ಲ ಸುತ್ತಿದವನು ನಾನು. ಮುಂದೆ ಕೂತು ಓಡಿಸುವುದು ಎಂದರೇನೆಂದು ವಿಜಯವಾಡದಿಂದ ವೈಜಾಗಿಗೆ ಬರುವ ಆ ಒಂದು ದಿನದಲ್ಲಿ ಗೊತ್ತಾಯಿತು. ತುನಿ ದಾಟುವ ತನಕ ಹೇಗೋ ಬಂದೆ. ಆಮೇಲೆ ತಿರುವು ಬಂದಾಗಲೆಲ್ಲ ಗಾಡಿ ಮೊದಲು ವಾಲುವುದೇ ಇಲ್ಲ ಎಂದು ಹಠ ಮಾಡಿ, ಆಮೇಲೆ ದಬಕ್ಕನೆ ಒಂದು ಕಡೆ ಬೀಳುವ ಹಾಗೆ ಆಗುತ್ತಿತ್ತು. ನನಗೇ ಓಡಿಸಲು ಬರುವುದಿಲ್ಲ ಎಂದುಕೊಂಡು ಹೆದರಿ ಲಾರಿಗಳ ಹಿಂದೆಯೇ ಬಂದು ಮನೆ ಸೇರಿದೆ.

ಗಾಜುವಾಕದ ಹತ್ತಿರ ಜಗನ್ಮೋಹನ್ ಎಂಬುವವರ ಟೈರಿನ ಅಂಗಡಿ ಇದೆ. ದೊಡ್ಡ ಬೈಕುಗಳೆಲ್ಲ ಅಲ್ಲಿಗೇ ಹೋಗುತ್ತವೆ ಎಂದು ಆಫೀಸಿನಲ್ಲಿ ಹೇಳಿದರು. ಮಹಾ ವಾಚಾಳಿ ಆಸಾಮಿ. ಒಂದು ಟೈರು ತೋರಿಸುವುದಕ್ಕೆ ಮೊದಲು ತನ್ನ ಇಬ್ಬರು ಅಳಿಯಂದಿರ ಗುಣಗಾನ ಮುಗಿಸಿದ. ಹಿಂದಿನ ಟೈರು ನೆಟ್ಟಗಿನ ಹೈವೇಯಲ್ಲೇ ಓಡಿ ಓಡಿ ನಡುವೆ ಚಪ್ಪಟೆಯಾಗಿದೆ, ಅದಕ್ಕೇ ತಿರುವಿನಲ್ಲಿ ಹಾಗೆ ಬೀಳುತ್ತದೆ ಎಂದ. ಅಷ್ಟಕ್ಕೇ ಮುಗಿಯಲಿಲ್ಲ. ಟೈರಿನ ಪಕ್ಕದಲ್ಲೆಲ್ಲ ಹಿಮ್ಮಡಿ ಒಡೆದ ಹಾಗೆ ಸೀಳುಗಳು. ಉಗುರಿನಿಂದ ಒಂದು ಸೀಳನ್ನು ಕೆರೆದು ನೋಡಿ, ಬೆರಳನ್ನು ನನ್ನ ಮೂಗಿನ ಹತ್ತಿರ ತಂದು, "ಇದೇಂಟಿ ಸಾರ್, ಟೈರ್‌ಕಿ ಪಸುಪು ರಾಸಾರಾ?" ಎಂದ. ಟೈರಿಗೆ ಅರಿಶಿನ ಬಳಿದಿದ್ದೀರಾ ಎಂದು. ಹೌದು, ಉಗುರಿನ ತುಂಬ ಹಳದಿ, ಜಿಡ್ಡು ಜಿಡ್ಡು. ಅಂಗಡಿಯಲ್ಲಿದ್ದವರೆಲ್ಲ ನಕ್ಕರು, ನಾನೂ ನಕ್ಕೆ.

ಸಂಜೆ ಅತ್ತಿಗೆಗೆ ಫೋನು ಮಾಡಿದಾಗ ನಗು ನಿಂತಿತು. ನೀನು ಆಸ್ಪತ್ರೆಯಿಂದ ಮನೆಗೆ ಬಂದ ಮೇಲೆ, ಪ್ರತಿ ಶುಕ್ರವಾರ ಅವರು ತಲೆಗೆ ನೀರು ಹಾಕಿಕೊಂಡು, ದೇವರ ಮನೆಯ ದೀಪ ಹಚ್ಚಿ, ನೇರವಾಗಿ ಷೆಡ್ಡಿಗೆ ಹೋಗಿ ಎಮ್ಮೆಯ ಎರಡೂ ಚಕ್ರಕ್ಕೆ ಅರಿಶಿನ ಬಳಿದು ಬೊಟ್ಟು ಇಡುತ್ತಿದ್ದರಂತೆ. ಆಯುಧಪೂಜೆಗೆ ನೀನು ಅರಿಶಿನ ಇಡುವುದನ್ನು ನೋಡಿದ್ದರಲ್ಲ. ಒಣ ಅರಿಶಿನ ಉದುರಿಹೋಗುತ್ತದೆ ಎಂದು ಎಳ್ಳೆಣ್ಣೆಯಲ್ಲಿ ಕಲಸಿ ತಿಕ್ಕಿ ತಿಕ್ಕಿ ಹಚ್ಚಿದ್ದಾರೆ. ಯಾಕೆ ಅತ್ತಿಗೆ ಎಂದರೆ, "ಮೀ ಅನ್ನಯ್ಯ ಲೇಚಿ ನಡಪಾಲಿ ಕದಾ ಬಾಲೂ" ಎಂದರು. ನಿಮ್ಮಣ್ಣ ಎದ್ದು ಓಡಿಸಬೇಕಲ್ಲ ಎಂದು. ರಬ್ಬರಿಗೆ ಎಣ್ಣೆಯೇ ವಿಷ, ಮೊದಲೇ ಹಳೆಯದಾಗಿದ್ದ ಟೈರನ್ನು ಆ ಎಣ್ಣೆಯೇ ಮುಗಿಸಿತು ಎಂದು ಜಗನ್ಮೋಹನ್ ಹೇಳಿದ್ದನ್ನು ನಾನು ಅವರಿಗೆ ಹೇಳಲಿಲ್ಲ. ಟೈರಿಗೆ ವಯಸ್ಸಾಗಿತ್ತು ಅತ್ತಿಗೆ ಎಂದೆ, ಅಷ್ಟೇ. ನೀನೂ ಏನೂ ತೋರಿಸಿಕೊಳ್ಳಬೇಡ. ಅವರಿಗೆ ಕನ್ನಡ ಓದಲು ಬಾರದೇ ಇರುವುದು ಇವತ್ತು ಎಷ್ಟು ಒಳ್ಳೆಯದಾಯಿತು ನೋಡು. ಇಷ್ಟು ವರ್ಷ ನೀನು ಅವರನ್ನು ಭಯಂಕರ ಜಿಪುಣಿ ಎಂದು ಆಡಿಕೊಳ್ಳುತ್ತಿದ್ದೆ. ಎಳ್ಳೆಣ್ಣೆಯನ್ನು ಚಕ್ರಕ್ಕೆ ಸುರಿದಿದ್ದಾರೆ ಎಂದರೆ ನಿನ್ನ ಮೇಲೆ ಎಷ್ಟು ಆಸೆ ಇಟ್ಟಿರಬೇಕು ಯೋಚನೆ ಮಾಡು.

ಸರಿ, ಎರಡೂ ಟೈರು ಬದಲಾಯಿಸಲೇಬೇಕು. ಆದರೆ ಯಾವುದು? ಅಣ್ಣಾ, ಹೆಣ್ಣು ನೋಡುವುದಕ್ಕೆ ಹೋದಾಗಲೂ ನಾನು ಇಷ್ಟು ಗೊಂದಲಪಟ್ಟಿರಲಿಲ್ಲ. ಮೆತ್ತನೆಯದು ರಸ್ತೆಯನ್ನು ಗಟ್ಟಿಯಾಗಿ ಹಿಡಿಯುತ್ತದೆ, ಬೇಗ ಸವೆಯುತ್ತದೆ. ಗಟ್ಟಿಯದು ವರ್ಷಗಟ್ಟಲೆ ಬರುತ್ತದೆ, ಮಳೆಯಲ್ಲಿ ನಂಬುವ ಹಾಗಿಲ್ಲ. ನಡುವೆ ಗಟ್ಟಿ, ಅಂಚಿನಲ್ಲಿ ಮೆತ್ತಗೆ ಇರುವುದೂ ಒಂದಿದೆ. ಮೊಬೈಲಿನಲ್ಲಿ ವಿಡಿಯೋ ನೋಡಿದರೆ ಒಬ್ಬೊಬ್ಬ ಒಂದೊಂದನ್ನು ಹೊಗಳುತ್ತಾನೆ. ನಮ್ಮ ಆಫೀಸಿನ ಸಾಯಿತೇಜ ಹಿಂದಿನ ಚಕ್ರಕ್ಕೆ ಕಾರಿನ ಟೈರು ಹಾಕಿಬಿಡಿ ಸಾರ್ ಎಂದ. ಹಾಗೆ ಹಾಕಿಸಿಕೊಂಡು ಓಡಿಸುವವರೂ ಇದ್ದಾರಂತೆ! ಎಮ್ಮೆಗೆ ಎತ್ತಿನ ಕಾಲು ಜೋಡಿಸಿದ ಹಾಗೆ ಎಂದು ನಿನಗೆ ಹೇಳಿ ನಗಬೇಕೆನಿಸಿತು. ಫೋನು ಕೈಗೆ ತೆಗೆದುಕೊಂಡೆ, ಹಾಗೇ ಇಟ್ಟೆ. ಅಣ್ಣ ಇದ್ದಿದ್ದರೆ ಒಂದೇ ಮಾತಿನಲ್ಲಿ ತೀರ್ಮಾನವಾಗುತ್ತಿತ್ತು ಎಂದುಕೊಂಡೆ. ಅಂದುಕೊಂಡ ಮೇಲೆ ಹೆದರಿಕೆಯಾಯಿತು. ನೀನು ಇದ್ದೀಯ, ಆರು ಗಂಟೆಯ ದಾರಿಯಲ್ಲಿ ಇದ್ದೀಯ, ಉಪ್ಪಿಲ್ಲದ ಸಾರಿನ ಮೇಲೆ ಕೋಪ ಮಾಡಿಕೊಂಡು ಕೂತಿದ್ದೀಯ. ಇರುವ ಅಣ್ಣನನ್ನು ಇಲ್ಲದವನ ಹಾಗೆ ನೆನೆಯುತ್ತಿದ್ದೇನಲ್ಲ ಎಂದು ಅಳು ಬಂತು. ಐವತ್ತೆರಡನೇ ವಯಸ್ಸಿನಲ್ಲಿ ಟೈರಿಗಾಗಿ ಅತ್ತವನು ಈ ಭೂಮಿಯ ಮೇಲೆ ನಾನೊಬ್ಬನೇ ಇರಬೇಕು.

ಕೊನೆಗೆ ಜಗನ್ಮೋಹನನೇ ಒಂದು ಪ್ರಶ್ನೆ ಕೇಳಿದ. ಒಂದೇ ಟೈರಿನಲ್ಲಿ ಎರಡು ತರಹ ಬರುತ್ತದಂತೆ. ಸಾಧಾರಣದ್ದು ಒಬ್ಬನೇ ಓಡಿಸುವವನಿಗೆ. ಇನ್ನೊಂದು ಒಳಗಿನ ಕಟ್ಟು ಬಿಗಿಯಾಗಿರುವುದು, ಇಬ್ಬರು ಕೂತು ಸಾಮಾನು ಹೇರಿಕೊಂಡು ದೂರ ಹೋಗುವವರಿಗೆ. "ಒಕ್ಕರೇನಾ ಸಾರ್, ವೆನಕಾಲ ಎವರೈನಾ ಕೂರ್ಚುಂಟಾರಾ?" ಎಂದ. ಒಬ್ಬರೇನಾ, ಹಿಂದೆ ಯಾರಾದರೂ ಕೂರುತ್ತಾರಾ? ಅವನು ಕೇಳಿದ್ದು ವ್ಯಾಪಾರದ ಮಾತು. ಆದರೂ ಈ ಊರಿನಲ್ಲಿ ಇಷ್ಟು ವರ್ಷದಿಂದ ಇದ್ದೇನೆ, ನನ್ನನ್ನು ಇಷ್ಟು ನೇರವಾಗಿ ಯಾರೂ ಇದನ್ನು ಕೇಳಿರಲಿಲ್ಲ. ಒಬ್ಬನೇ ಎಂದರೆ ಅದು ನಿಜ, ಬೇಗ ಮುಗಿಯುತ್ತಿತ್ತು. ಆದರೆ ಬಾಯಿಂದ ಬಂದದ್ದು "ಮಾ ಅನ್ನಯ್ಯ ಕೂರ್ಚುಂಟಾರು" ಎಂದು. ನಮ್ಮಣ್ಣ ಕೂರುತ್ತಾರೆ ಎಂದು ಹೇಳಿಬಿಟ್ಟೆ. ಹಾಗಾದರೆ ಬಿಗಿಯದೇ ಇರಲಿ ಎಂದು ಅವನು ಚೆನ್ನೈನಿಂದ ತರಿಸಿ ಹಾಕಿದ. ದೇವಸ್ಥಾನದ ಮುಂದೆ ಗಾಡಿ ನಿಲ್ಲಿಸಿ ಪೂಜೆ ಮಾಡಿಸಿ, ನಿಂಬೆಹಣ್ಣಿನ ಮೇಲೆ ಹತ್ತಿಸಿ, ಆಮೇಲೆ ಓಡಿಸಿ ಎಂದು ಆಜ್ಞೆಯನ್ನೂ ಮಾಡಿದ. ಮಾಡಿಸಿದೆ. ಪೂಜಾರಿ ಅರಿಶಿನ ಹಚ್ಚುವಾಗ ಎಣ್ಣೆ ಬೇಡ ಸ್ವಾಮೀ ಎಂದು ನಾನು ಅಡ್ಡ ಹೋದದ್ದಕ್ಕೆ ವಿಚಿತ್ರವಾಗಿ ನೋಡಿದರು.

ಹೊಸ ಟೈರು ಮೊದಮೊದಲು ಜಾರುತ್ತದೆ, ಸ್ವಲ್ಪ ದೂರ ಮೆಲ್ಲಗೆ ಓಡಿಸಿ ಪಳಗಿಸಬೇಕು ಎಂದು ಜಗನ್ಮೋಹನ್ ಹೇಳಿದ್ದರಿಂದ ಭಾನುವಾರ ಬೆಳಿಗ್ಗೆ ಸಮುದ್ರದ ದಾರಿಯಲ್ಲಿ ಭೀಮಿಲಿಗೆ ಹೋಗಿಬಂದೆ. ಈಗ ಗಾಡಿ ತಿರುವಿನಲ್ಲಿ ಹೇಳಿದ ಮಾತು ಕೇಳುತ್ತದೆ. ಆದರೆ ಇಬ್ಬರ ಭಾರಕ್ಕೆ ಮಾಡಿದ ಟೈರಲ್ಲವೇ, ಒಬ್ಬನೇ ಕೂತರೆ ರಸ್ತೆಯ ಒಂದೊಂದು ಉಬ್ಬೂ ಬೆನ್ನಿಗೆ ಬಡಿಯುತ್ತದೆ. ಭೀಮಿಲಿಯಲ್ಲಿ ಗಾಡಿ ನಿಲ್ಲಿಸಿ ಟೀ ಕುಡಿಯುತ್ತಿದ್ದರೆ ಇಬ್ಬರು ಹುಡುಗಿಯರು ಬಂದು ಅದರ ಪಕ್ಕ ನಿಂತು ಫೋಟೋ ತೆಗೆಸಿಕೊಂಡರು, ನನ್ನನ್ನು ಸ್ವಲ್ಪ ಸರಿಯಲು ಹೇಳಿದರು. ಸರಿದು ನಿಂತು ಸಮುದ್ರ ನೋಡಿದೆ. ಇದನ್ನು ಯಾರಿಗಾದರೂ ಹೇಳಬೇಕು ಎಂದು ಅನಿಸಿತು. ಕೇಳುವವರು ಯಾರೂ ಇರಲಿಲ್ಲ. ಟೀ ತಣ್ಣಗಾಗಿತ್ತು, ಹಾಗೇ ಕುಡಿದು ಹೊರಟೆ.

ಅತ್ತಿಗೆಗೆ ನನ್ನ ನಮಸ್ಕಾರ ತಿಳಿಸು. ಬಾಯಿಬಿಟ್ಟು ತಿಳಿಸು, ಕೈಸನ್ನೆಯಲ್ಲಿ ಅಲ್ಲ. ಎರಡು ದಿನ ಉಪ್ಪಿಲ್ಲದ್ದನ್ನು ಸುಮ್ಮನೆ ಉಣ್ಣು, ಪಾಪ ಅವರೂ ಅದನ್ನೇ ಉಣ್ಣುತ್ತಿದ್ದಾರೆ. ಬೆರಳಿನ ವ್ಯಾಯಾಮ ಬಿಡಬೇಡ. ಅಪ್ಪ ಅಮ್ಮನ ಆಶೀರ್ವಾದ ನಿನ್ನ ಮೇಲೆ ಇರಲಿ, ನಿನ್ನದು ನನ್ನ ಮೇಲೆ ಇರಲಿ.

ನಿನ್ನ ತಮ್ಮ,
ಬಾಲು

ತಾ.ಕ.: ಲಕೋಟೆ ಅಂಟಿಸುವ ಮೊದಲು ಇದನ್ನು ಬರೆದುಬಿಡುತ್ತೇನೆ, ಇಲ್ಲದಿದ್ದರೆ ಧೈರ್ಯ ಹೋಗುತ್ತದೆ. ಇದೇ ೨೨ನೇ ತಾರೀಖು, ಭಾನುವಾರ, ಎಮ್ಮೆಯನ್ನು ವಿಜಯವಾಡಕ್ಕೆ ತರುತ್ತೇನೆ. ನೀನು ಹಿಂದೆ ಕೂರಬೇಕು. ಡಾಕ್ಟರನ್ನು ಕೇಳಿದ್ದೇನೆ; ಕೈದಿಂಡಿನ ಕುರ್ಚಿಯಲ್ಲಿ ಕೂರುವವರು ಅದರ ಮೇಲೂ ಕೂರಬಹುದು, ಮೆಲ್ಲಗೆ ಹೋಗಿ ಎಂದರು. ಕೊಂಡಪಲ್ಲಿಯ ದಾರಿಯಲ್ಲಿ ನಿನ್ನ ಪವರ್ ಸ್ಟೇಷನ್ನಿನ ಚಿಮಣಿ ಕಾಣುವವರೆಗೆ ಹೋಗಿ ವಾಪಸು ಬರೋಣ. ಅತ್ತಿಗೆ ಆಟೋದಲ್ಲಿ ಬೆನ್ನ ಹಿಂದೆಯೇ ಬರುತ್ತಾರಂತೆ, ಅವರನ್ನು ತಡೆಯುವುದು ನಮ್ಮಿಬ್ಬರಿಂದಲೂ ಆಗದು. ನೀನು ಯಾರ ಹಿಂದೆಯೂ ಕೂತವನಲ್ಲ ಎಂದು ನನಗೆ ಗೊತ್ತು. ನನ್ನ ಹಿಂದೆ ಕೂರು. ಕೂತು ಏನಾದರೂ ಮಾತಾಡು, ಬೈದರೂ ಸರಿ. ಹೆಲ್ಮೆಟ್ಟು ಹಾಕಿಕೊಂಡು ಆ ಗಾಳಿಯಲ್ಲಿ ಹಿಂದಿನವನು ಆಡಿದ ಮಾತು ಮುಂದಿನವನಿಗೆ ನೆಟ್ಟಗೆ ಕೇಳಿಸಿದ್ದು ಯಾವತ್ತಾದರೂ ಇದೆಯೇ? ಅಷ್ಟು ವರ್ಷ ನಾನು ಹಿಂದೆ ಕೂತು ಒದರಿದ್ದರಲ್ಲಿ ನಿನಗೆ ಅರ್ಧವೂ ತಿಳಿದಿರಲಿಕ್ಕಿಲ್ಲ. ಆದರೂ ನೀನು ದಾರಿಯುದ್ದಕ್ಕೂ ತಲೆಯಾಡಿಸುತ್ತಿದ್ದೆ, ನಾನು ಮಾತು ನಿಲ್ಲಿಸುತ್ತಿರಲಿಲ್ಲ. ಇನ್ನು ತಲೆಯಾಡಿಸುವ ಸರದಿ ನನ್ನದು.